ಸ್ಪೇನ್ ಮಕ್ಕಳ ಸಮ್ಮರ್ ಸ್ಕೂಲ್: ಇಂಗ್ಲೆಂಡಿನಲ್ಲಿ ಪಾಠ ಮಾಡಲು, ಪ್ರವಾಸ ಕರೆದೊಯ್ಯಲು ಹೊರಟವರಿಗೆ

ಜೂನ್ ಕೊನೆಯ ಹೊತ್ತಿಗೆ ಸ್ಪೇನಿನ ಶಾಲೆಗಳಿಗೆ ಬೀಗ ಬೀಳುತ್ತದೆ. ಮತ್ತೆ ಬಾಗಿಲು ತೆರೆಯುವುದು ಸೆಪ್ಟೆಂಬರ್‌ನಲ್ಲಿ. ಇಷ್ಟುದ್ದ ರಜೆಯಲ್ಲಿ ಎರಡು ಮೂರು ವಾರ ಮಕ್ಕಳನ್ನು ಇಂಗ್ಲಿಷ್ ಕಲಿಯಲು ಇಂಗ್ಲೆಂಡಿಗೋ ಐರ್ಲೆಂಡಿಗೋ ಕಳಿಸುವುದು ಅಲ್ಲಿನ ಎಷ್ಟೋ ಮನೆಗಳಲ್ಲಿ ರೂಢಿ. ಜುಲೈ ಹೊತ್ತಿಗೆ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗಳೂ ಯೂನಿವರ್ಸಿಟಿ ಹಾಸ್ಟೆಲ್‌ಗಳೂ ಖಾಲಿ ಬಿದ್ದಿರುತ್ತವೆ. ಹೀಗಾಗಿ ಬೋರ್ನ್‌ಮತ್, ಬ್ರೈಟನ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕಡೆಯೆಲ್ಲ ಸಮ್ಮರ್ ಸ್ಕೂಲ್‌ಗಳು ಶುರುವಾಗುತ್ತವೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ ಅಥವಾ ಸುತ್ತಾಟ, ಶನಿವಾರ ಇಡೀ ದಿನದ ಪ್ರವಾಸ. ಈ ಕೆಲಸಕ್ಕೆ ಬೇಸಿಗೆಯಲ್ಲಿ ತುಂಬಾ ಜನ ಬೇಕಾಗುತ್ತಾರೆ. ಇಂಗ್ಲೆಂಡಿನಲ್ಲಿ ಓದುತ್ತಿರುವ, ನೆಲೆಸಿರುವ ಕನ್ನಡದವರೂ ಸೇರಿಕೊಳ್ಳಬಹುದು.

ಈ ಕೆಲಸದ ನಿಜವಾದ ಕಷ್ಟವನ್ನು ಮೊದಲೇ ಹೇಳಿಬಿಡುತ್ತೇನೆ. ವ್ಯಾಕರಣ ಅಲ್ಲ, ಗಲಾಟೆಯೂ ಅಲ್ಲ. ಐವತ್ತು ಸ್ಪೇನ್ ಮಕ್ಕಳು ಒಂದೇ ಕಡೆ ಇದ್ದರೆ ಅವರಿಗೆ ಇಂಗ್ಲಿಷ್ ಬೇಕಾಗುವುದೇ ಇಲ್ಲ. ಊಟ, ಜಗಳ, ಪ್ರೀತಿ, ತರಲೆ ಎಲ್ಲವೂ ಅವರ ಭಾಷೆಯಲ್ಲೇ ಚೆನ್ನಾಗಿ ನಡೆಯುತ್ತದೆ. ‘ಓನ್ಲಿ ಇಂಗ್ಲಿಷ್’ ಎಂದು ಬೋರ್ಡ್ ಹಾಕಿದರೆ, ದಂಡ ಹಾಕಿದರೆ, ನೀವು ಬಂದಾಗ ಮಾತ್ರ ಬಾಯಿ ಮುಚ್ಚುತ್ತಾರೆ, ಅಷ್ಟೆ. ಇಂಗ್ಲಿಷ್ ಇಲ್ಲದೆ ಕೆಲಸ ಆಗದ ಸಂದರ್ಭವನ್ನು ದಿನಕ್ಕೆ ಒಂದೆರಡು ಸಲ ಹುಟ್ಟಿಸುವುದು ನಿಮ್ಮ ಕೆಲಸ. ಪಾಠವೂ ಪ್ರವಾಸವೂ ಅದಕ್ಕಾಗಿಯೇ.

ಮೊದಲು ಕಾಗದಪತ್ರ

ಪಾಠ ಮಾಡಬೇಕಾದರೆ ಸೆಲ್ಟಾ ಅಥವಾ ಟ್ರಿನಿಟಿಯ ಸರ್ಟ್ ಟೆಸಾಲ್ ಎಂಬ, ಇಂಗ್ಲಿಷ್ ಕಲಿಸುವ ತರಬೇತಿಯ ಸರ್ಟಿಫಿಕೇಟ್ ಬೇಕಾಗುತ್ತದೆ. ಎರಡರಲ್ಲೂ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆ ಪಾಠ ಮಾಡಿ ತೋರಿಸಬೇಕು. ಬ್ರಿಟಿಷ್ ಕೌನ್ಸಿಲ್ ಮಾನ್ಯತೆ ಇರುವ ಸ್ಕೂಲ್‌ಗಳು ಈ ವಿಷಯದಲ್ಲಿ ಕಟ್ಟುನಿಟ್ಟು. ಆನ್‌ಲೈನ್‌ನಲ್ಲಿ ವಾರಾಂತ್ಯಕ್ಕೆ ಸಿಗುವ ಅಗ್ಗದ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ. ಅದಿಲ್ಲದವರು ಆ್ಯಕ್ಟಿವಿಟಿ ಲೀಡರ್ ಆಗಿ ಸೇರಬಹುದು. ಆಟ ಆಡಿಸುವುದು, ಪ್ರವಾಸ ಕರೆದೊಯ್ಯುವುದು, ರಾತ್ರಿ ಕಾವಲು ಅವರ ಕೆಲಸ. ಮೊದಲ ವರ್ಷ ಇದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಮಕ್ಕಳು ಹೇಗೆ ಎಂದು ಗೊತ್ತಾಗುತ್ತದೆ.

ಮಕ್ಕಳ ಜೊತೆಗಿನ ಕೆಲಸವಾದ್ದರಿಂದ ಡಿಬಿಎಸ್ ತಪಾಸಣೆ, ಅಂದರೆ ನಿಮ್ಮ ಮೇಲೆ ಅಪರಾಧದ ದಾಖಲೆ ಇದೆಯೇ ಎಂಬ ಪರಿಶೀಲನೆ ಇರುತ್ತದೆ. ಇಂಡಿಯಾದಿಂದ ಬಂದು ಸ್ವಲ್ಪ ಕಾಲವೇ ಆಗಿದ್ದರೆ ಅಲ್ಲಿನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು, ಏಪ್ರಿಲ್‌ನಲ್ಲೇ ಅರ್ಜಿ ಹಾಕಿ.

ವೀಸಾ ವಿಷಯ ಎಚ್ಚರ. ಡಿಗ್ರಿ ಓದಲು ಸ್ಟೂಡೆಂಟ್ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ರಜೆಯಲ್ಲಿ ಪೂರ್ತಿ. ಆದರೆ ಒಂದು ವರ್ಷದ ಮಾಸ್ಟರ್ಸ್ ಮಾಡುವವರಿಗೆ ಬೇಸಿಗೆ ರಜೆಯಲ್ಲ. ಅದು ಡಿಸರ್ಟೇಶನ್ ಬರೆಯುವ ಕಾಲ, ಅಂದರೆ ಓದಿನ ಅವಧಿಯೇ. ಸಮ್ಮರ್ ಸ್ಕೂಲ್ ಕೆಲಸ ವಾರಕ್ಕೆ 20 ಗಂಟೆಯಲ್ಲಿ ಮುಗಿಯುವಂಥದ್ದಲ್ಲ. ಯೂನಿವರ್ಸಿಟಿಯ ವೀಸಾ ಆಫೀಸಿನಲ್ಲಿ ಬರವಣಿಗೆಯಲ್ಲಿ ಕೇಳಿಕೊಂಡು ಮುಂದುವರಿಯಿರಿ. ಇನ್ನೊಂದು, ಸ್ಟೂಡೆಂಟ್ ವೀಸಾದವರು ಸ್ವಂತ ಉದ್ಯೋಗ ಎಂದು ಬಿಲ್ ಬರೆದು ಹಣ ಪಡೆಯುವಂತಿಲ್ಲ. ನೌಕರರಾಗಿ ಕಾಂಟ್ರಾಕ್ಟ್ ಕೊಡುವ ಸ್ಕೂಲನ್ನೇ ಹುಡುಕಿ. ಊಟ, ವಸತಿಗೆ ಸಂಬಳದಲ್ಲಿ ಎಷ್ಟು ಕಡಿತ, ವಾರಕ್ಕೆ ಎಷ್ಟು ರಾತ್ರಿ ಡ್ಯೂಟಿ, ಪೂರ್ತಿ ರಜೆ ಯಾವ ದಿನ, ಈ ಮೂರನ್ನೂ ಸಹಿ ಹಾಕುವ ಮುಂಚೆ ಕೇಳಿ.

ಮಕ್ಕಳ ಬಗ್ಗೆ ತಿಳಿದಿರಬೇಕಾದದ್ದು

ಹೆಸರಿನಿಂದ ಶುರು ಮಾಡೋಣ. ಸ್ಪೇನಿನವರಿಗೆ ಎರಡು ಮನೆತನದ ಹೆಸರು ಇರುತ್ತದೆ. ಸಾಮಾನ್ಯವಾಗಿ ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಇಂಗ್ಲಿಷ್ ಆಫೀಸಿನವರು ಕೊನೆಯ ಹೆಸರೇ ಸರ್‌ನೇಮ್ ಎಂದುಕೊಂಡು ಪಟ್ಟಿ ಮಾಡುತ್ತಾರೆ. ಹಾಜರಿ ಕೂಗಿದರೆ ಯಾರೂ ಕೈ ಎತ್ತುವುದಿಲ್ಲ. ಮರಿಯಾ ಹೋಸೆ ಎಂದರೆ ಹುಡುಗಿ, ಹೋಸೆ ಮರಿಯಾ ಎಂದರೆ ಹುಡುಗ. ರೂಮ್ ಹಂಚುವಾಗ ಇದು ಗೊತ್ತಿಲ್ಲದಿದ್ದರೆ ರಾತ್ರಿ ಹತ್ತಕ್ಕೆ ಹಾಸಿಗೆ ಬದಲಿಸುವ ಕೆಲಸ ಬೀಳುತ್ತದೆ. ಪಟ್ಟಿಯಲ್ಲಿ ಫ್ರಾನ್ಸಿಸ್ಕೋ ಇರುವವನನ್ನು ಗೆಳೆಯರು ಪಾಕೋ ಎನ್ನುತ್ತಾರೆ, ಇಗ್ನಾಸಿಯೋ ಎಂಬವನು ನಾಚೋ, ಹೋಸೆ ಎಂಬವನು ಪೆಪೆ. ಮೊದಲ ದಿನವೇ ಕರೆಯುವ ಹೆಸರನ್ನು ಪಟ್ಟಿಯ ಪಕ್ಕ ಬರೆದುಕೊಳ್ಳಿ.

ಎಲ್ಲರ ಮನೆಮಾತೂ ಸ್ಪ್ಯಾನಿಷ್ ಅಲ್ಲ. ಬಾರ್ಸಿಲೋನಾ ಕಡೆಯವರಲ್ಲಿ ಕತಲಾನ್, ಬಿಲ್ಬಾವೋ ಕಡೆ ಬಾಸ್ಕ್, ವಾಯುವ್ಯದ ಗಲಿಸಿಯಾದಲ್ಲಿ ಗಲಿಸಿಯನ್ ಇರಬಹುದು. ಬಾಸ್ಕ್ ಭಾಷೆಗೆ ಸ್ಪ್ಯಾನಿಷ್ ಜೊತೆ ನೆಂಟಸ್ತನವೇ ಇಲ್ಲ. ಇಂಡಿಯಾದವರು ಅಂದರೆ ಹಿಂದಿ ಬರಲೇಬೇಕು ಎಂದು ಯಾರಾದರೂ ಅಂದುಕೊಂಡರೆ ನಮಗೆ ಹೇಗನ್ನಿಸುತ್ತದೆ? ಹಾಗಾಗಿ ‘ನಿಮ್ಮ ಮನೆಯಲ್ಲಿ ಏನು ಮಾತಾಡುತ್ತೀರಿ?’ ಎಂದು ಮೊದಲ ಕ್ಲಾಸಿನಲ್ಲೇ ಕೇಳಿ. ಒಳ್ಳೆಯ ಪಾಠವೂ ಆಗುತ್ತದೆ, ಆ ಮಕ್ಕಳು ನಿಮ್ಮ ಕಡೆಗೂ ಆಗುತ್ತಾರೆ. ರಾಜಕೀಯಕ್ಕೆ ಮಾತ್ರ ಇಳಿಯಬೇಡಿ.

ಊಟದ ಹೊತ್ತು ಇನ್ನೊಂದು ತಲೆನೋವು. ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಎರಡು ಎರಡೂವರೆಗೆ, ರಾತ್ರಿಯೂಟ ಒಂಬತ್ತರ ಮೇಲೆ. ಇಂಗ್ಲೆಂಡಿನ ಮೆಸ್‌ನಲ್ಲಿ ಹನ್ನೆರಡೂವರೆಗೆ ಒಂದು, ಸಂಜೆ ಆರಕ್ಕೆ ಇನ್ನೊಂದು. ಆರು ಗಂಟೆಗೆ ಮಕ್ಕಳಿಗೆ ಹಸಿವಿರುವುದಿಲ್ಲ, ಹತ್ತು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ. ಹೊಟ್ಟೆ ಹಸಿದ ಮಕ್ಕಳು ಮಲಗುವುದಿಲ್ಲ. ಒಂಬತ್ತಕ್ಕೆ ಬ್ರೆಡ್ಡು, ಹಣ್ಣು, ಹಾಲು ಇಡಲು ಮೊದಲ ದಿನವೇ ಅಡುಗೆಮನೆಯವರನ್ನು ಒಪ್ಪಿಸಿ. ಕಾರಿಡಾರಿನ ಗಲಾಟೆ ಅರ್ಧ ಕಡಿಮೆಯಾಗುತ್ತದೆ.

ಕ್ಲಾಸಿನಲ್ಲಿ

ಸಾಮಾನ್ಯವಾಗಿ ವಾರಕ್ಕೆ 15 ಗಂಟೆ ಪಾಠ, ಕ್ಲಾಸಿಗೆ ಹದಿನೈದರ ಆಸುಪಾಸು ಮಕ್ಕಳು. ಮೊದಲ ಬೆಳಿಗ್ಗೆ ಮಟ್ಟ ನೋಡುವ ಪರೀಕ್ಷೆ. ಬಹುಪಾಲು ಮಕ್ಕಳು ಎ2, ಬಿ1 ಮಟ್ಟದಲ್ಲಿ, ಅಂದರೆ ಸರಳ ಇಂಗ್ಲಿಷ್ ಗೊತ್ತಿರುವ ಮಟ್ಟದಲ್ಲಿ ಬರುತ್ತಾರೆ. ಬರೆಯುವ ಪರೀಕ್ಷೆಯೊಂದನ್ನೇ ನಂಬಬೇಡಿ. ಬಿಟ್ಟ ಸ್ಥಳ ತುಂಬುವುದರಲ್ಲಿ ಅವರು ಪಳಗಿರುತ್ತಾರೆ, ಬಾಯಿ ಬಿಡುವುದಕ್ಕೆ ನಾಚಿಕೆ. ಗೆಳೆಯರು ನಗುತ್ತಾರೆ ಎಂಬ ಹೆದರಿಕೆ. ನಮ್ಮೂರ ಕನ್ನಡ ಮೀಡಿಯಂ ಮಕ್ಕಳಿಗೂ ಇದೇ ಅಲ್ವಾ? ಅದಕ್ಕೇ ಒಬ್ಬೊಬ್ಬರನ್ನೇ ಎರಡು ನಿಮಿಷ ಹತ್ತಿರ ಕೂರಿಸಿಕೊಂಡು ಮಾತಾಡಿಸಿ, ಆಮೇಲೆ ಗುಂಪು ಮಾಡಿ. ಅಪ್ಪ ಅಮ್ಮ ಇಷ್ಟು ದುಡ್ಡು ಕೊಟ್ಟು ಕಳಿಸಿದ್ದು ಇನ್ನೊಂದು ಪ್ರೆಸೆಂಟ್ ಪರ್ಫೆಕ್ಟ್ ಹಾಳೆ ತುಂಬಲಿ ಎಂದಲ್ಲ.

ಅವರ ಇಂಗ್ಲಿಷ್‌ನಲ್ಲಿ ಪದೇ ಪದೇ ಬರುವ ತಪ್ಪುಗಳನ್ನು ಮೊದಲೇ ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಹಗುರ. ‘ಸ್ಕೂಲ್’ ಎನ್ನಲು ಹೋಗಿ ‘ಎಸ್ಕೂಲ್’ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ‘ಇಸ್ಕೂಲು’ ಎಂದ ಹಾಗೇ. ‘ಸ್ಸ್ಸ್’ ಎಂದು ಎಳೆದು ಆಮೇಲೆ ‘ಕೂಲ್’ ಸೇರಿಸುವುದನ್ನು ಅಭ್ಯಾಸ ಮಾಡಿಸಿ. ‘ಶಿಪ್’ ಮತ್ತು ‘ಶೀಪ್’ ಅವರಿಗೆ ಒಂದೇ ಥರ ಕೇಳುತ್ತದೆ. ಅವರ ಭಾಷೆಯಲ್ಲಿ ಐದೇ ಸ್ವರ, ಹ್ರಸ್ವ ದೀರ್ಘ ಎಂಬ ಭೇದ ಇಲ್ಲ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಉದ್ದ ಗಿಡ್ಡ ನಮಗೆ ಹುಟ್ಟಿನಿಂದಲೇ ಕಿವಿಗೆ ಕೂತಿದೆ. ಕೈಯಲ್ಲಿ ರಬ್ಬರ್ ಬ್ಯಾಂಡ್ ಹಿಡಿದು ದೀರ್ಘಕ್ಕೆ ಎಳೆಯಿರಿ, ಹ್ರಸ್ವಕ್ಕೆ ಬಿಡಿ. ಇಂಗ್ಲಿಷ್‌ನಲ್ಲಿ ಉದ್ದದ ಜೊತೆ ಬಾಯಿಯ ಆಕಾರವೂ ಬದಲಾಗುತ್ತದೆ, ಅದನ್ನೂ ತೋರಿಸಿ. ಹದಿಮೂರು ವರ್ಷದವರಿಗೆ ಇದು ಆಟ. ಆದರೆ ‘ವಿ’ ಮತ್ತು ‘ಡಬ್ಲ್ಯೂ’ ವಿಷಯದಲ್ಲಿ ನಮ್ಮದೇ ನಾಲಿಗೆ ಸರಿಯಿರುವುದಿಲ್ಲ. ‘ಎಗ್’ ಎನ್ನುವಾಗ ‘ಯೆಗ್’ ಬರುವುದೂ ಉಂಟು. ಕನ್ನಡಿ ಮುಂದೆ ನೀವೂ ಸ್ವಲ್ಪ ಅಭ್ಯಾಸ ಮಾಡಿ.

ವಾಕ್ಯದ ವಿಷಯಕ್ಕೆ ಬಂದರೆ, ‘ಈಸ್ ರೇನಿಂಗ್’ ಎಂದು ಕರ್ತೃವನ್ನೇ ಬಿಟ್ಟುಬಿಡುತ್ತಾರೆ. ವಯಸ್ಸು ಕೇಳಿದರೆ ‘ಐ ಹ್ಯಾವ್ ಫಿಫ್ಟೀನ್ ಇಯರ್ಸ್’. ಅವನ, ಅವಳ ಎಂಬ ಎರಡಕ್ಕೂ ಸ್ಪ್ಯಾನಿಷ್‌ನಲ್ಲಿ ಒಂದೇ ಪದ ಇರುವುದರಿಂದ ‘ಮೈ ಸಿಸ್ಟರ್ ಆ್ಯಂಡ್ ಹಿಸ್ ಹಸ್ಬೆಂಡ್’ ಆಗುತ್ತದೆ. ಎಲ್ಲವನ್ನೂ ಆಗಲೇ ತಿದ್ದಲು ಹೋಗಬೇಡಿ. ಮಾತು ನಿಂತುಹೋಗುತ್ತದೆ. ಚೀಟಿಯಲ್ಲಿ ಬರೆದುಕೊಂಡು ಕ್ಲಾಸಿನ ಕೊನೆಗೆ ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ಹಾಕಿ, ಅವರೇ ತಿದ್ದಲಿ. ಒಂದನ್ನು ಮಾತ್ರ ತಕ್ಷಣ ಅರ್ಥ ಮಾಡಿಕೊಳ್ಳಬೇಕು. ‘ಐ ಆ್ಯಮ್ ಕಾನ್ಸ್ಟಿಪೇಟೆಡ್’ ಎಂದು ಮಗು ಬಂದರೆ ಬಹುಶಃ ಮಲಬದ್ಧತೆ ಅಲ್ಲ, ನೆಗಡಿ (ಅವರ ಭಾಷೆಯಲ್ಲಿ ಇದೇ ಥರ ಕೇಳುವ ಪದಕ್ಕೆ ನೆಗಡಿಯಾಗಿದೆ ಎಂದರ್ಥ). ಫಸ್ಟ್ ಏಡ್ ರೂಮಿನವರಿಗೂ ಇದನ್ನು ಹೇಳಿಡಿ.

‘ನೀವು ನೇಟಿವ್ ಅಲ್ವಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ಪೇನಿನಿಂದ ಮಕ್ಕಳ ಜೊತೆ ಬಂದ ಗ್ರೂಪ್ ಲೀಡರ್ ಕೇಳಬಹುದು, ಫೋನಿನಲ್ಲಿ ತಾಯಿಯೊಬ್ಬಳು ಕೇಳಬಹುದು. ತಡವರಿಸಬೇಕಾಗಿಲ್ಲ. ನಾನೂ ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವನು, ಕಲಿತವಳು ಎಂದು ಹೇಳಿ. ಎಲ್ಲಿ ಕಷ್ಟವಾಗುತ್ತದೆ ಎಂದು ಗೊತ್ತಿರುವವರು ಪಾಠಕ್ಕೆ ಒಳ್ಳೆಯವರೇ.

ಪಾಠವನ್ನು ಪ್ರವಾಸಕ್ಕೆ ಹೊಲಿಯುವುದು

ಹೆಚ್ಚಿನ ಸ್ಕೂಲ್‌ಗಳಲ್ಲಿ ಪಾಠದವರು ಬೇರೆ, ಪ್ರವಾಸದವರು ಬೇರೆ. ಬೆಳಿಗ್ಗೆ ಪರಿಸರ ಮಾಲಿನ್ಯದ ಪಾಠ, ಮಧ್ಯಾಹ್ನ ಕೆಥೆಡ್ರಲ್ ಎಂಬ ದೊಡ್ಡ ಚರ್ಚ್. ಒಂದಕ್ಕೊಂದು ಸಂಬಂಧವೇ ಇಲ್ಲ. ಮಕ್ಕಳು ಗೈಡ್ ಹೇಳಿದ್ದನ್ನು ಕೇಳಿದಂತೆ ಮಾಡಿ, ಸೆಲ್ಫಿ ತೆಗೆದು, ಅಂಗಡಿಗೆ ಓಡುತ್ತಾರೆ. ಇದನ್ನು ಬದಲಿಸುವುದು ಅಷ್ಟೇನೂ ಕಷ್ಟವಲ್ಲ. ವಿಂಚೆಸ್ಟರ್ ಉದಾಹರಣೆ ಕೊಡುತ್ತೇನೆ. ಸೌತಾಂಪ್ಟನ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ, ಚಿಕ್ಕ ಊರು, ಕಳೆದುಹೋಗುವುದು ಕಷ್ಟ. ಸ್ಪೇನ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಅಪರೂಪ.

ಯಾಕೆ ಎಂದರೆ, 1554ರ ಜುಲೈ 25ರಂದು ಇಂಗ್ಲೆಂಡಿನ ರಾಣಿ ಮೇರಿ ವಿಂಚೆಸ್ಟರ್ ಕೆಥೆಡ್ರಲ್‌ನಲ್ಲೇ ಸ್ಪೇನಿನ ರಾಜಕುಮಾರ ಫಿಲಿಪ್‌ನನ್ನು ಮದುವೆಯಾದಳು. ಅವಳಿಗೆ 38, ಅವನಿಗೆ 27. ಅವಳ ತಾಯಿ ಕ್ಯಾಥರೀನ್ ಕೂಡ ಸ್ಪೇನಿನ ಅರಗಾನ್‌ನವಳು. ಜುಲೈ 25 ಸ್ಪೇನಿನ ಪೋಷಕ ಸಂತ ಸಾಂತಿಯಾಗೋನ ಹಬ್ಬ. ಎರಡನೇ ಫೆಲಿಪೆ ಎಂದು ಮಕ್ಕಳು ಶಾಲೆಯಲ್ಲಿ ಓದಿರುವ ರಾಜ ಇವನೇ. ಅವನು ಒಂದು ಕಾಲಕ್ಕೆ ಇಂಗ್ಲೆಂಡಿಗೂ ರಾಜನಾಗಿದ್ದ ಎಂದರೆ ಎಷ್ಟೋ ಮಕ್ಕಳು ನಂಬುವುದಿಲ್ಲ. 1588ರಲ್ಲಿ ಇದೇ ಇಂಗ್ಲೆಂಡಿನ ಮೇಲೆ ಅರ್ಮಾಡ ಎಂಬ ಹಡಗುಪಡೆ ಕಳಿಸಿದವನೂ ಅವನೇ.

ಹಿಂದಿನ ದಿನ ಈ ಕಥೆಯನ್ನು ಪೂರ್ತಿ ಹೇಳಬೇಡಿ. ಅರ್ಧ ಹೇಳಿ ನಿಲ್ಲಿಸಿ. ಕ್ಲಾಸನ್ನು ಮೂರು ನಾಲ್ಕು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಬೇರೆ ಬೇರೆ ಪ್ರಶ್ನೆ ಕೊಡಿ. ಮದುವೆ ಲಂಡನ್ ಬಿಟ್ಟು ಇಲ್ಲೇಕೆ ಆಯಿತು? ಆ ದಿನ ಮೇರಿ ಕೂತಿದ್ದಳು ಎಂದು ಹೇಳುವ ಕುರ್ಚಿ ಎಲ್ಲಿದೆ? ಜೇನ್ ಆಸ್ಟಿನ್ 1817ರಲ್ಲಿ ತೀರಿಕೊಂಡು ಇಲ್ಲೇ ಮಣ್ಣಾಗಿದ್ದಾಳೆ, ಅವಳ ಸಮಾಧಿಯ ಕಲ್ಲಿನ ಮೇಲೆ ಯಾವ ಮುಖ್ಯ ಸಂಗತಿ ಬರೆದಿಲ್ಲ? (ಅವಳು ಕಾದಂಬರಿ ಬರೆದಳು ಎಂಬುದೇ ಇಲ್ಲ.) ಇವುಗಳಲ್ಲಿ ಕೆಲವಕ್ಕೆ ಫೋನಿನಲ್ಲಿ ಉತ್ತರ ಸಿಗುತ್ತದೆ, ಮಕ್ಕಳು ಅದನ್ನೇ ಮಾಡುತ್ತಾರೆ. ಅದಕ್ಕೇ ಪ್ರತಿ ಗುಂಪಿಗೂ ಫೋನಿನಲ್ಲಿ ಸಿಗದ ಇನ್ನೊಂದು ಪ್ರಶ್ನೆ ಸೇರಿಸಿ. ‘ಈ ಕೆಥೆಡ್ರಲ್‌ನಲ್ಲಿ ನಿಮಗೆ ಇಷ್ಟವಾದ ಮೂಲೆ ಯಾವುದು, ಯಾಕೆ?’ ಇದನ್ನು ಅಲ್ಲಿನ ಸ್ವಯಂಸೇವಕ ಗೈಡ್ ಒಬ್ಬರನ್ನು ಕೇಳಬೇಕು. ಇವರಲ್ಲಿ ಹೆಚ್ಚಿನವರು ನಿವೃತ್ತರು. ಹೊತ್ತು ಕೊಟ್ಟು, ನಿಧಾನವಾಗಿ, ಪ್ರೀತಿಯಿಂದ ಮಾತಾಡುತ್ತಾರೆ. ಹದಿನಾಲ್ಕು ವರ್ಷದ ಹುಡುಗನಿಗೆ ಇವರಿಗಿಂತ ಒಳ್ಳೆಯ ಇಂಗ್ಲಿಷ್ ಮೇಷ್ಟ್ರು ಸಿಗುವುದಿಲ್ಲ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಐದು ಜನರ ಸಂದರ್ಶನ ಮಾಡಿ ಎನ್ನುವ ಹಳೇ ಚಟುವಟಿಕೆ ನನಗೆ ಇಷ್ಟವಿಲ್ಲ. ಬೇಸಿಗೆಯಲ್ಲಿ ಊರಿನವರು ಆ ಮಕ್ಕಳನ್ನು ಕಂಡರೆ ರಸ್ತೆ ದಾಟುತ್ತಾರೆ.

ಬೆಳಗಿನ ಕ್ಲಾಸಿನಲ್ಲಿ ಆ ಮಧ್ಯಾಹ್ನಕ್ಕೆ ಬೇಕಾದ ಮಾತನ್ನಷ್ಟೇ ಕಲಿಸಿ. ಮಾತು ಶುರು ಮಾಡುವುದು, ಅರ್ಥವಾಗದಿದ್ದರೆ ‘ಸಾರಿ, ಕುಡ್ ಯು ಸೇ ದಟ್ ಎಗೇನ್?’ ಎನ್ನುವುದು, ಥ್ಯಾಂಕ್ಸ್ ಹೇಳಿ ಮುಗಿಸುವುದು. ನೀವು ಮುಂಗೋಪದ ಗೈಡ್ ಆಗಿ ನಟಿಸಿ. ವೇಗವಾಗಿ ಮಾತಾಡಿ, ಕಿವಿ ಕೇಳಿಸದಂತೆ ಮಾಡಿ. ಅಲ್ಲಿ ಸಿಗುವ ನಿಜವಾದ ಗೈಡ್ ಅವರಿಗೆ ಸುಲಭ ಅನ್ನಿಸುತ್ತಾರೆ.

ಊರಿನಲ್ಲಿ ಇನ್ನೆರಡು ಕಡೆ ನಿಲ್ಲಿಸಿ. ಒಂದು, ಗ್ರೇಟ್ ಹಾಲ್. ಗೋಡೆಯ ಮೇಲೆ ದಂತಕಥೆಯ ರಾಜ ಆರ್ಥರ್‌ನದು ಎಂದು ಹೇಳುವ ದುಂಡು ಮೇಜು ತೂಗುಹಾಕಿದೆ. ಅದು ನಿಜವಾಗಿ 13ನೇ ಶತಮಾನದ್ದು, ಬಣ್ಣ ಬಳಿಸಿದ್ದು ಎಂಟನೇ ಹೆನ್ರಿ ಕಾಲದಲ್ಲಿ. 1522ರಲ್ಲಿ ಸ್ಪೇನಿನ ರಾಜ ಮೊದಲನೇ ಕಾರ್ಲೋಸ್ ಬಂದಾಗ ಹೆನ್ರಿ ಇದನ್ನು ತೋರಿಸಿ ಮೆರೆದಿದ್ದ. ಕಾರ್ಲೋಸ್ ಯಾರೆಂದರೆ ಫೆಲಿಪೆಯ ಅಪ್ಪ. ಇನ್ನೊಂದು, ಹೈ ಸ್ಟ್ರೀಟಿನ ಚಾರಿಟಿ ಅಂಗಡಿಗಳು, ಅಂದರೆ ದಾನವಾಗಿ ಬಂದ ಹಳೇ ಸಾಮಾನು ಮಾರುವ ಅಂಗಡಿಗಳು. ಒಬ್ಬೊಬ್ಬರಿಗೆ ಮೂರು ಪೌಂಡ್ ಮಿತಿ ಹಾಕಿ, ಗುಂಪಿನ ಇನ್ನೊಬ್ಬರಿಗೆ ಒಂದು ಉಡುಗೊರೆ ತರಲು ಹೇಳಿ. ಅಳತೆ, ಬೆಲೆ, ಇದಕ್ಕಿಂತ ಚಿಕ್ಕದಿದೆಯಾ, ಎಲ್ಲವನ್ನೂ ಕೇಳಲೇಬೇಕಾಗುತ್ತದೆ.

ಮರುದಿನ ಬೆಳಿಗ್ಗೆ ಗುಂಪುಗಳನ್ನು ಕಲಸಿಬಿಡಿ. ಒಬ್ಬೊಬ್ಬರ ಬಳಿ ಕಥೆಯ ಒಂದೊಂದು ತುಂಡು. ಎಲ್ಲರೂ ಹೇಳಿದರೆ ಮಾತ್ರ ಮದುವೆಯ ಕಥೆ ಪೂರ್ತಿಯಾಗುತ್ತದೆ. ಪ್ರವಾಸದ ಮರುದಿನದ ಈ ಗಂಟೆಯನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ನನ್ನ ಪ್ರಕಾರ ಇಡೀ ವಾರದಲ್ಲಿ ಮಕ್ಕಳು ಜಾಸ್ತಿ ಮಾತಾಡುವುದು ಇಲ್ಲೇ.

ರಸ್ತೆ, ಬಸ್, ತಲೆ ಎಣಿಕೆ

ಇಂಡಿಯಾದಿಂದ ಬಂದ ನಮಗೆ ಹೊಳೆಯದ ಅಪಾಯ ಒಂದಿದೆ. ಇಂಗ್ಲೆಂಡಿನಲ್ಲಿ ವಾಹನ ಎಡಗಡೆ ಓಡುತ್ತವೆ, ನಮ್ಮಲ್ಲಿಯೂ ಹಾಗೇ. ರಸ್ತೆ ದಾಟುವಾಗ ನಮ್ಮ ಕತ್ತು ತಾನಾಗಿಯೇ ಮೊದಲು ಬಲಕ್ಕೆ ತಿರುಗುತ್ತದೆ. ಸ್ಪೇನಿನಲ್ಲಿ ವಾಹನ ಬಲಗಡೆ. ಆ ಮಕ್ಕಳು ಹುಟ್ಟಿದಾಗಿನಿಂದ ಮೊದಲು ಎಡಕ್ಕೆ ನೋಡಿ ಕಾಲಿಡುತ್ತಾರೆ, ಬಲದಿಂದ ಬಸ್ ಬರುತ್ತದೆ. ಲಂಡನ್ನಿನ ರಸ್ತೆಯ ಮೇಲೆ ‘ಲುಕ್ ರೈಟ್’ ಎಂದು ಬರೆದಿರುವುದು ಇಂಥವರಿಗಾಗಿಯೇ. ಬಂದ ದಿನ ಸಂಜೆಯೇ ಹತ್ತಿರದ ರಸ್ತೆಗೆ ಕರೆದೊಯ್ದು ನಾಲ್ಕು ಸಲ ದಾಟಿಸಿ. ಒಬ್ಬ ಲೀಡರ್ ಮುಂದೆ, ಒಬ್ಬರು ಹಿಂದೆ. ಸಾಲು ಅರ್ಧ ದಾಟಿದಾಗ ಸಿಗ್ನಲ್ ಬದಲಾದರೆ ಉಳಿದವರು ಓಡಬಾರದು, ಮುಂದಿನವರು ಆಚೆ ಬದಿಯಲ್ಲಿ ಕಾಯಬೇಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿಸಬೇಕು.

ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು ಎಂಬುದನ್ನು ಸ್ಕೂಲ್ ತನ್ನ ನಿಯಮದಲ್ಲಿ ಬರೆದಿರುತ್ತದೆ. ಹದಿಹರೆಯದವರಿಗೆ 15ಕ್ಕೊಬ್ಬರು ಎನ್ನುವುದು ಸಾಮಾನ್ಯ, ಚಿಕ್ಕವರಿಗೆ ಇನ್ನೂ ಜಾಸ್ತಿ ಜನ ಬೇಕು. ಸ್ಪೇನಿನಿಂದ ಬಂದ ಗ್ರೂಪ್ ಲೀಡರ್‌ಗಳನ್ನು ಲೆಕ್ಕಕ್ಕೆ ಹಿಡಿದಿದ್ದಾರಾ ಎಂದು ಕೇಳಿ. ಹಿಡಿದಿದ್ದರೆ ಅವರ ಜೊತೆ ಕೂತು ಕೆಲಸ ಹಂಚಿಕೊಳ್ಳಿ, ಇಲ್ಲದಿದ್ದರೆ ಕಾಫಿ ಅಂಗಡಿಯಲ್ಲೇ ಉಳಿದುಬಿಡುವವರೂ ಇರುತ್ತಾರೆ.

ಎಣಿಕೆಗೆ ನನ್ನ ನಿಯಮ ಸರಳ. ‘ಎಲ್ಲರೂ ಬಂದ್ರಾ?’ ಎಂದು ಕೇಳಬೇಡಿ, ‘ಹೌದು’ ಎಂದೇ ಕೂಗುತ್ತಾರೆ. ಸೀಟಿನಲ್ಲಿ ಕೂರಿಸಿ, ನೀವೇ ನಡೆದುಕೊಂಡು ಹೋಗಿ ತಲೆ ಎಣಿಸಿ. ಇನ್ನೊಬ್ಬ ಲೀಡರ್ ಹಿಂದಿನಿಂದ ಎಣಿಸಲಿ. ಎರಡೂ ಸಂಖ್ಯೆ ಒಂದೇ ಆದರೆ ಮಾತ್ರ ಡ್ರೈವರ್‌ಗೆ ಕೈ ಮಾಡಿ. ಬಸ್ ಹತ್ತಿದಾಗ, ಇಳಿದಾಗ, ಟಾಯ್ಲೆಟ್ ಆದ ಮೇಲೆ, ಪ್ರತಿ ಕಟ್ಟಡದ ಒಳಗೆ ಹೋಗುವ ಮುಂಚೆ. ಮಕ್ಕಳ ಕೈಗೆ ಸ್ಕೂಲಿನ ತುರ್ತು ನಂಬರ್ ಇರುವ ಪಟ್ಟಿ ಕಟ್ಟಿ. ಫೋನಿನಲ್ಲಿ ಸೇವ್ ಮಾಡಿಸಿದರೆ ಸಾಲದು, ಚಾರ್ಜ್ ಮುಗಿದಿರುತ್ತದೆ. ಸ್ಪೇನಿನ ತುರ್ತು ನಂಬರ್ 112 ಇಲ್ಲಿಯೂ ನಡೆಯುತ್ತದೆ, 999 ಇಲ್ಲಿನದು.

ಸಾಧ್ಯವಾದರೆ ಜಾಗವನ್ನು ಮುಂಚೆಯೇ ಒಮ್ಮೆ ನೋಡಿಬನ್ನಿ. ಇತಿಹಾಸ ಓದಿಕೊಳ್ಳುವುದು ಆಮೇಲೆ. ಮೊದಲು ಟಾಯ್ಲೆಟ್ ಎಲ್ಲಿ, ಮಳೆ ಬಂದರೆ ಬುತ್ತಿ ತಿನ್ನಲು ಸೂರು ಎಲ್ಲಿ, ಕೋಚ್ (ಪ್ರವಾಸದ ಬಸ್) ಎಲ್ಲಿ ನಿಲ್ಲುತ್ತದೆ. ವಿಂಚೆಸ್ಟರ್‌ನಲ್ಲಿ ಸೇರುವ ಜಾಗ ರಾಜ ಆಲ್ಫ್ರೆಡ್‌ನ ದೊಡ್ಡ ಪ್ರತಿಮೆ. ಕತ್ತಿ ಎತ್ತಿ ನಿಂತಿದ್ದಾನೆ, ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಬಸ್ ನಾಲ್ಕಕ್ಕೆ ಎಂದರೆ ಮಕ್ಕಳಿಗೆ ಮೂರೂಮುಕ್ಕಾಲು ಎಂದು ಹೇಳಿ. ನಮ್ಮ ಕಡೆ ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆ ಹೇಳುವ ಲೆಕ್ಕವೇ ಇದು. ಕೋಚ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು, ಅದು ಕಾನೂನು. ‘ಇನ್ನೊಂದು ಜಾಗ ನೋಡಿಕೊಂಡು ಹೋಗೋಣ’ ಎಂದು ಅವರ ಮೇಲೆ ಒತ್ತಡ ಹಾಕಬೇಡಿ. ಇನ್ನೊಂದು ಚಿಕ್ಕ ವಿಷಯ: ಪೀಪಾಸ್ ಎಂಬ ಸೂರ್ಯಕಾಂತಿ ಬೀಜ. ಸ್ಪೇನ್ ಮಕ್ಕಳು ಇದನ್ನು ಹಲ್ಲಿನಲ್ಲಿ ಒಡೆದು ಸಿಪ್ಪೆ ಉಗುಳುತ್ತಲೇ ಇರುತ್ತಾರೆ. ಬಸ್ಸಿನಲ್ಲಿ ಬೇಡ ಎಂದು ಹತ್ತುವ ಮುಂಚೆಯೇ ಹೇಳಿ.

ಮಗು ಕಾಣದಿದ್ದರೆ: ಒಬ್ಬರು ಸೇರುವ ಜಾಗದಲ್ಲೇ ಉಳಿದ ಮಕ್ಕಳ ಜೊತೆ ನಿಲ್ಲಬೇಕು. ಒಬ್ಬರು ಕೊನೆಯ ಸಲ ಎಣಿಸಿದ ಜಾಗಕ್ಕೆ ವಾಪಸ್ ಹೋಗಬೇಕು. ಸ್ಕೂಲಿಗೆ ಆಗಲೇ ಫೋನ್, ಸ್ವಲ್ಪ ನೋಡಿಕೊಂಡು ಮಾಡೋಣ ಎಂದು ಕಾಯಬಾರದು. ಬಸ್ ಹೊರಡಕೂಡದು. ಮಕ್ಕಳಿಗೆ ಕಲಿಸಬೇಕಾದದ್ದು ಒಂದೇ, ತಪ್ಪಿಸಿಕೊಂಡರೆ ಹುಡುಕುತ್ತಾ ಅಲೆಯಬೇಡಿ, ನಿಂತಲ್ಲೇ ನಿಲ್ಲಿ.

ಲಂಡನ್ ದಿನ

ಎಲ್ಲರೂ ಕಾಯುವ ದಿನ ಇದು. ಲೀಡರ್‌ಗಳಿಗೆ ಕಷ್ಟದ ದಿನವೂ ಇದೇ. ಟ್ಯೂಬ್ ಎಂಬ ಸುರಂಗ ರೈಲಿಗೆ ಒಂದು ನಿಯಮ ಬೇಕೇ ಬೇಕು. ಬಾಗಿಲು ಮುಚ್ಚಿ ಗುಂಪು ಒಡೆದರೆ, ಒಳಗಿದ್ದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಬೇಕು. ಉಳಿದವರು ಮುಂದಿನ ರೈಲಿನಲ್ಲಿ ಬರುತ್ತಾರೆ. 11ರಿಂದ 15 ವರ್ಷದವರಿಗೆ ಆಯ್ಸ್ಟರ್ ಎಂಬ ಪ್ರಯಾಣದ ಕಾರ್ಡಿಗೆ ‘ಯಂಗ್ ವಿಸಿಟರ್’ ರಿಯಾಯಿತಿ ಹಾಕಿಸಬಹುದು, ಅದನ್ನು ಸ್ಟೇಷನ್ ಸಿಬ್ಬಂದಿಯೇ ಹಾಕಿಕೊಡಬೇಕು. ಫುಟ್‌ಪಾತಿನ ಅಂಚಿನಲ್ಲಿ ಫೋನ್ ಹಿಡಿದು ನಿಲ್ಲಬೇಡಿ ಎಂದು ಹೇಳಿ, ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ.

ಟ್ರಫಾಲ್ಗರ್ ಸ್ಕ್ವೇರ್ ತಪ್ಪಿಸಲು ಆಗುವುದಿಲ್ಲ. ಅಲ್ಲಿ ಕಂಬದ ಮೇಲೆ ನಿಂತಿರುವ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ 1805ರಲ್ಲಿ ಸೋಲಿಸಿದ್ದು ಫ್ರಾನ್ಸ್ ಮತ್ತು ಸ್ಪೇನಿನ ನೌಕಾಪಡೆಯನ್ನು. ಟ್ರಫಾಲ್ಗರ್ ಎಂಬುದೇ ಸ್ಪೇನಿನ ಕಾದಿಸ್ ಬಳಿಯ ಭೂಶಿರದ ಹೆಸರು. ಇಂಗ್ಲಿಷ್ ಗೈಡ್‌ನ ಥರ ಗೆಲುವಿನ ಕಥೆ ಹೇಳುವ ಬದಲು, ಕಾದಿಸ್ ಕಡೆಯ ಮಗು ಇದ್ದರೆ ಆ ಜಾಗ ಹೇಗಿದೆ ಎಂದು ಅವರೇ ಹೇಳಲಿ. ಪಕ್ಕದಲ್ಲೇ ನ್ಯಾಷನಲ್ ಗ್ಯಾಲರಿ, ಪ್ರವೇಶ ಉಚಿತ, ಮಳೆಗೂ ಸೂರು. ಗುಂಪಿಗೆ ಮುಂಚೆಯೇ ಬುಕ್ ಮಾಡಿ. ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ಚಿತ್ರಗಳಿವೆ. ಅದೇ ನಾಡಿನ ಗೋಯಾ ಬರೆದ ವೆಲ್ಲಿಂಗ್ಟನ್ ಡ್ಯೂಕನ ಚಿತ್ರ ಇಲ್ಲಿಂದ 1961ರಲ್ಲಿ ಕಳುವಾಗಿ, 1965ರಲ್ಲಿ ವಾಪಸ್ ಸಿಕ್ಕಿತು. ಕಳ್ಳತನದ ಕಥೆ ಅಂದರೆ ಸುಮ್ನೆ ಕೂತಿದ್ದವರೂ ಕಿವಿ ನಿಮಿರಿಸುತ್ತಾರೆ. ಇಲ್ಲಿ ಅರ್ಧ ಗಂಟೆ ಸಾಕು, ಒಬ್ಬೊಬ್ಬರು ಒಂದೇ ಚಿತ್ರ ಆರಿಸಿ, ಅದನ್ನು ಮನೆಗೆ ಒಯ್ಯಲು ಬಿಟ್ಟರೆ ಎಲ್ಲಿ ತೂಗುಹಾಕುತ್ತೀರಿ ಎಂದು ಇಂಗ್ಲಿಷ್‌ನಲ್ಲಿ ಹೇಳಲಿ.

ಬಿಗ್ ಬೆನ್ ನೋಡಿ ಸೇತುವೆ ದಾಟಿದರೆ, ಥೇಮ್ಸ್ ದಂಡೆಯಲ್ಲಿ ಲ್ಯಾಂಬೆತ್ ಸೇತುವೆಯ ಕಡೆಗೆ ಸ್ವಲ್ಪ ನಡೆದರೆ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್‌ನಲ್ಲಿ ಅನಾವರಣವಾಗಿದ್ದು. ಕಾಲು ನೋವು ಎಂದು ಗೊಣಗುವವರಿಗೆ ಕೂರಲು ಜಾಗ ಸಿಗುತ್ತದೆ. ಇವರು ಯಾರು ಎಂದು ಮಕ್ಕಳು ಕೇಳಲಿ, ನೀವು ಹೇಳಿ. ಉತ್ತರ ನಿಜವಾಗಿಯೂ ಗೊತ್ತಿಲ್ಲದ ಪ್ರಶ್ನೆ ಕೇಳುವುದು ಕ್ಲಾಸಿನಲ್ಲಿ ಅಪರೂಪ. ಆಮೇಲೆ ಆಕ್ಸ್‌ಫರ್ಡ್ ಸ್ಟ್ರೀಟ್ ಬೇಕು ಎಂದು ಹಟ ಹಿಡಿಯುತ್ತಾರೆ. ಪ್ರೈಮಾರ್ಕ್ ಎಂಬ ಅಗ್ಗದ ಬಟ್ಟೆ ಅಂಗಡಿ ಮ್ಯಾಡ್ರಿಡ್‌ನಲ್ಲಿಯೂ ಇದೆ ಎಂದು ಹೇಳಿ ಪ್ರಯೋಜನವಿಲ್ಲ. ಒಂದು ಗಂಟೆ ಬಿಡಿ.

ರಾತ್ರಿ ಹೊತ್ತು, ಗಡಿಗಳು

ಮೊದಲ ಎರಡು ಮೂರು ರಾತ್ರಿ ಚಿಕ್ಕವರಿಗೆ ಮನೆ ನೆನಪಾಗುತ್ತದೆ. ಮಲಗುವ ಮುಂಚೆ ಅಮ್ಮನಿಗೆ ಫೋನ್ ಮಾಡಿದರೆ ಅಳು ಜಾಸ್ತಿ. ಫೋನಿನ ಹೊತ್ತನ್ನು ಸಂಜೆ ಊಟದ ಮುಂಚೆಗೆ ಇಡಿ. ಸ್ಪೇನ್ ಮಕ್ಕಳು ತಬ್ಬಿಕೊಳ್ಳುವುದರಲ್ಲಿ, ಕೈ ಹಿಡಿಯುವುದರಲ್ಲಿ ಧಾರಾಳ. ತಳ್ಳಬೇಕಾಗಿಲ್ಲ, ಆದರೆ ಅದು ಎಲ್ಲರೆದುರು ಮಾತ್ರ ಇರಲಿ. ಬಾಗಿಲು ಮುಚ್ಚಿದ ರೂಮಿನಲ್ಲಿ ಒಬ್ಬ ವಿದ್ಯಾರ್ಥಿಯ ಜೊತೆ ಒಬ್ಬರೇ ಇರಬೇಡಿ. ನಿಮ್ಮ ಸ್ವಂತ ನಂಬರ್ ಕೊಡಬೇಡಿ, ಇನ್‌ಸ್ಟಾಗ್ರಾಮಿನಲ್ಲಿ ಸೇರಿಸಿಕೊಳ್ಳಬೇಡಿ, ಕೋರ್ಸ್ ಮುಗಿದ ಮೇಲೂ. ಮಗು ಏನಾದರೂ ಗಂಭೀರ ವಿಷಯ ಹೇಳಿದರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಕೇಳಿಸಿಕೊಳ್ಳಿ, ಅವರ ಮಾತಿನಲ್ಲೇ ಬರೆದಿಡಿ, ಸ್ಕೂಲಿನಲ್ಲಿ ಮಕ್ಕಳ ರಕ್ಷಣೆಗೆ ನೇಮಿಸಿದವರಿಗೆ ಅಂದೇ ತಿಳಿಸಿ. ಪೋಷಕರ ಒಪ್ಪಿಗೆ ಇಲ್ಲದೆ ಒಂದು ಪ್ಯಾರಾಸಿಟಮಾಲ್ ಕೂಡ ಕೊಡುವಂತಿಲ್ಲ. ನಮ್ಮಲ್ಲಿ ಹಾಗೆ ನೋಡುವುದಿಲ್ಲ, ಇಲ್ಲಿ ಕೆಲಸ ಹೋಗುತ್ತದೆ.

ಫೋಟೋ ವಿಷಯದಲ್ಲಿ ಪೋಷಕರ ವಾಟ್ಸಾಪ್ ಗುಂಪು ಬಿಡುವುದಿಲ್ಲ. ಯಾರ ಫೋಟೋಗೆ ಒಪ್ಪಿಗೆ ಇಲ್ಲ ಎಂಬ ಪಟ್ಟಿ ಆಫೀಸಿನಲ್ಲಿರುತ್ತದೆ. ಸ್ಕೂಲಿನ ಫೋನಿನಲ್ಲಿ ಮಾತ್ರ ತೆಗೆಯಿರಿ.

ಹೊರಡುವ ದಿನ

ಸಾಮಾನ್ಯವಾಗಿ ಸ್ಪೇನಿನವರಿಗೆ 2021ರ ಅಕ್ಟೋಬರ್‌ನಿಂದ ಬ್ರಿಟನ್ನಿಗೆ ಬರಲು ಗುರುತಿನ ಚೀಟಿ ಸಾಲದು, ಪಾಸ್‌ಪೋರ್ಟ್ ಬೇಕು. 2025ರ ಏಪ್ರಿಲ್‌ನಿಂದ ಇಟಿಎ ಎಂಬ ಅನುಮತಿಯೂ ಬೇಕು. ಹಾಗಾಗಿ ಬಂದ ದಿನವೇ ಪಾಸ್‌ಪೋರ್ಟ್‌ಗಳನ್ನು ಎಣಿಸಿ ಆಫೀಸಿನ ಬೀರುವಿನಲ್ಲಿ ಇಟ್ಟಿರುತ್ತಾರೆ. ಹೊರಡುವ ಹಿಂದಿನ ರಾತ್ರಿ ವಿಮಾನದ ಪಟ್ಟಿ ಇಟ್ಟುಕೊಂಡು ಒಂದೊಂದನ್ನೂ ಹೆಸರಿಗೆ ಹೊಂದಿಸಿ ಗ್ರೂಪ್ ಲೀಡರ್‌ಗೆ ಸಹಿ ಪಡೆದು ಕೊಡಿ. ಮಕ್ಕಳ ಕೈಗೆ ಕೊಡಬೇಡಿ, ಸೂಟ್‌ಕೇಸಿನ ತಳಕ್ಕೆ ಹಾಕಿ ಬೀಗ ಜಡಿಯುತ್ತಾರೆ. ಹಾಸಿಗೆ ಕೆಳಗೆ, ಗೋಡೆಯ ಪ್ಲಗ್ಗಿನಲ್ಲಿ ನೋಡಿ. ಚಾರ್ಜರ್, ಹಲ್ಲಿನ ಕ್ಲಿಪ್ಪು, ಒಂದು ಶೂ ಅಲ್ಲೇ ಇರುತ್ತವೆ. ಬೆಳಗಿನ ಜಾವ ಕೋಚ್ ಹೊರಡುವಾಗ ಅಳು, ಅಪ್ಪುಗೆ ಎಲ್ಲ ಮುಗಿಯಲು ಇಪ್ಪತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ನೀವು ಹೊರಡುವ ಮುಂಚೆ ಪಿ45 (ಕೆಲಸ ಬಿಟ್ಟಾಗ ಕೊಡುವ ಸಂಬಳ, ತೆರಿಗೆ ಲೆಕ್ಕದ ಕಾಗದ), ಬಾಕಿ ರಜೆಯ ಸಂಬಳ ಮತ್ತು ಡೈರೆಕ್ಟರ್ ಸಹಿ ಇರುವ ಶಿಫಾರಸು ಪತ್ರ ಕೇಳಿ ಪಡೆಯಿರಿ. ಸೆಪ್ಟೆಂಬರ್ ಆದ ಮೇಲೆ ಆ ಆಫೀಸಿನಲ್ಲಿ ಫೋನ್ ಎತ್ತುವವರು ಇರುವುದಿಲ್ಲ. ಮುಂದಿನ ಬೇಸಿಗೆಯ ನೇಮಕ ಜನವರಿ ಫೆಬ್ರವರಿಯಲ್ಲೇ ಶುರುವಾಗುತ್ತದೆ, ಆಗ ಆ ಪತ್ರ ಬೇಕಾಗುತ್ತದೆ.